ಗಾಜಿನ ಬಿರಡೆ ಮತ್ತು ಕಾಂಕ್ರೀಟಿನ ಬಿರುಕು

ನನ್ನ ಬಳಿ ರಸಾಯನಶಾಸ್ತ್ರ ಕಲಿತವರಿಗೆ ಒಂದು ಸಂಗತಿ ನೆನಪಿರಬಹುದು. ಪ್ರಯೋಗಾಲಯದ ಕಪಾಟಿನಲ್ಲಿ ಆಮ್ಲಗಳ ಶೀಷೆಗಳಿಗೆಲ್ಲ ಗಾಜಿನ ಬಿರಡೆ ಇದ್ದರೆ, ಕಾಸ್ಟಿಕ್ ಸೋಡಾ ದ್ರಾವಣದ ಶೀಷೆಗೆ ಮಾತ್ರ ರಬ್ಬರಿನ ಬಿರಡೆ ಇರುತ್ತಿತ್ತು. ಯಾರಾದರೂ ಅವಸರದಲ್ಲಿ ಅದಕ್ಕೆ ಗಾಜಿನ ಬಿರಡೆಯನ್ನೇ ಒತ್ತಿಟ್ಟರೆ ಕೆಲವು ವಾರಗಳ ಬಳಿಕ ಅದನ್ನು ಕೀಳಲು ಭೀಮಸೇನನೇ ಬರಬೇಕಾಗುತ್ತಿತ್ತು. ಪ್ರಬಲ ಕ್ಷಾರವು ಗಾಜಿನಲ್ಲಿರುವ ಸಿಲಿಕಾವನ್ನು ಮೆಲ್ಲಮೆಲ್ಲನೆ ಕರಗಿಸಿ ಸೋಡಿಯಂ ಸಿಲಿಕೇಟ್ ಎಂಬ ಅಂಟನ್ನು ಉಂಟುಮಾಡುತ್ತದೆ. ಆ ಅಂಟೇ ಬಿರಡೆಯನ್ನು ಶೀಷೆಗೆ ಬೆಸೆದುಬಿಡುತ್ತದೆ. ನುಣುಪಾದ ಶೀಷೆಗೆ ಕಣ್ಣಿಗೆ ಕಾಣುವ ಹಾನಿಯಾಗುವುದಿಲ್ಲ. ಉಜ್ಜಿ ತರಿತರಿ ಮಾಡಿದ ಬಿರಡೆಯ ಮೇಲ್ಮೈ ಹೆಚ್ಚು ವಿಸ್ತಾರವಾದುದರಿಂದ ಕ್ಷಾರದ ಆಟ ಅಲ್ಲಿ ಬೇಗ ನಡೆಯುತ್ತದೆ.

ಈ ಹಳೆಯ ಪಾಠ ಮತ್ತೆ ನೆನಪಾಗಲು ಕಾರಣವಾದವನು ನನ್ನ ಶಿಷ್ಯನೊಬ್ಬ. ಈಗ ಮನೆ ಕಟ್ಟಿಸುತ್ತಿದ್ದಾನೆ. ದೂರವಾಣಿಯಲ್ಲಿ ಕೇಳಿದ: "ಸಾರ್, ಕಾಂಕ್ರೀಟಿಗೆ ಗಾಜಿನ ನಾರು ಬೆರೆಸಿದರೆ ತಾರಸಿ ಬಿರುಕು ಬಿಡೋದಿಲ್ಲವಂತೆ. ಕಂಬಿಯನ್ನೂ ಸ್ವಲ್ಪ ಕಡಿಮೆ ಮಾಡಬಹುದು, ನೀರು ಕಟ್ಟುವ ತಾಪತ್ರಯವೂ ಇಲ್ಲ ಅಂತಾರೆ. ನಿಜವೇ?" ನಾನು, "ಅವಸರ ಬೇಡಪ್ಪ, ಬರೆದು ತಿಳಿಸುತ್ತೇನೆ" ಎಂದೆ. ಮನೆಯವರ ತಲೆಯ ಮೇಲಿರುವ ತಾರಸಿಯ ವಿಷಯವಾದ್ದರಿಂದ ಹೌದು ಅಲ್ಲ ಎಂದಷ್ಟೇ ಹೇಳಿ ಮುಗಿಸುವ ಮನಸ್ಸಾಗಲಿಲ್ಲ. ಆ ಉತ್ತರದ ಹಿಂದೆ ಒಂದು ಇತಿಹಾಸವಿದೆ. ಮನೆ ಕಟ್ಟಿಸುವ ಉಳಿದವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಾಂಕ್ರೀಟು ಭಾರವನ್ನು ಹೊರುವುದರಲ್ಲಿ ಬಲಶಾಲಿ. ಎಳೆತವನ್ನು ತಾಳುವುದರಲ್ಲಿ ದುರ್ಬಲ. ಅದರ ಎಳೆತದ ಬಲ ಒತ್ತಡದ ಬಲದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಈ ಕೊರತೆಯನ್ನು ನೀಗಲು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಅದರೊಳಗೆ ಕಬ್ಬಿಣವನ್ನು ಹುದುಗಿಸುವ ಪದ್ಧತಿ ಬಂದಿತು. ಜೋಸೆಫ್ ಮೋನಿಯೇ ಎಂಬ ತೋಟಗಾರನು 1867ರಲ್ಲಿ ಪಡೆದ ಹಕ್ಕುಪತ್ರವು ಗಿಡ ನೆಡುವ ತೊಟ್ಟಿಗಳಿಗೆ ಸಂಬಂಧಿಸಿದುದು. ಆದರೆ ಕಬ್ಬಿಣಕ್ಕೆ ತುಕ್ಕಿನ ಭಯವುಂಟು. ಅದನ್ನು ಕಾಪಾಡಲು ಎರಡು ಸೆಂಟಿಮೀಟರಿನಷ್ಟಾದರೂ ಕಾಂಕ್ರೀಟಿನ ಹೊದಿಕೆ ಬೇಕು. ಆದ್ದರಿಂದ ಕಬ್ಬಿಣದ ಸರಳು ಹಾಕಿ ಹಪ್ಪಳದಂತೆ ತೆಳುವಾದ ಹಲಗೆಯನ್ನು ಮಾಡಲಾಗದು.

ತೆಳುವಾದ ವಸ್ತುವಿಗೆ ಬಲ ಬೇಕಾದರೆ ಅದರೊಳಗೆಲ್ಲ ನಾರು ಹರಡಿರಬೇಕು. ಇದು ನಮ್ಮ ಹಿರಿಯರಿಗೆ ತಿಳಿಯದ ವಿದ್ಯೆಯಲ್ಲ. ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಕತ್ತರಿಸಿದ ಹುಲ್ಲನ್ನು ಸೇರಿಸಿ ತುಳಿಯುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಒಣಗುವ ಮಣ್ಣು ಬಿರಿಯಲು ಹೊರಟಾಗ ಹುಲ್ಲು ಅದನ್ನು ಹಿಡಿದು ನಿಲ್ಲಿಸುತ್ತದೆ. ಸಿಮೆಂಟಿನ ಕಾಲದಲ್ಲಿ ಈ ಹುಲ್ಲಿನ ಕೆಲಸವನ್ನು ಮಾಡಿದುದು ಆಸ್ಬೆಸ್ಟಾಸ್. ಕನ್ನಡದಲ್ಲಿ ಅದಕ್ಕೆ 'ಕಲ್ನಾರು' ಎಂಬ ಸೊಗಸಾದ ಹೆಸರಿದೆ. ಆಸ್ಟ್ರಿಯದ ಲುಡ್ವಿಗ್ ಹಾಟ್ಶೆಕ್ 1900ರ ಸುಮಾರಿಗೆ ಕಲ್ನಾರು ಬೆರೆಸಿದ ಸಿಮೆಂಟ್ ಹಾಳೆಗಳನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದನು. ಆ ಹಾಳೆಗಳು ಜಗತ್ತಿನ ಛಾವಣಿಗಳನ್ನೆಲ್ಲ ಆವರಿಸಿದವು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಹೊಕ್ಕು ಮಾರಕ ರೋಗಗಳನ್ನು ತರುತ್ತವೆಂಬ ಅರಿವು ಬಲವಾದಂತೆ ಬದಲಿ ನಾರಿನ ಹುಡುಕಾಟವೂ ತೀವ್ರವಾಯಿತು.

ಗಾಜಿನ ನಾರು ಆ ವೇಳೆಗೆ ಸಿದ್ಧವಾಗಿತ್ತು. 1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಸಂಶೋಧಕನು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಕರಗಿದ ಗಾಜನ್ನು ಗಾಳಿಯ ಒತ್ತಡದಿಂದ ಸಿಂಪಡಿಸುತ್ತಿದ್ದಾಗ ಅದು ನವಿರಾದ ಎಳೆಗಳಾಗಿ ಹಾರಿತು. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಎಂಬ ಪ್ರತ್ಯೇಕ ಸಂಸ್ಥೆಯೇ ಅದಕ್ಕಾಗಿ ಹುಟ್ಟಿತು. ಗಾಜು ಒಡೆಯುವ ವಸ್ತುವೆಂದು ನಾವು ತಿಳಿದಿದ್ದೇವೆ. ಆದರೆ ಹೊಸದಾಗಿ ಎಳೆದ ತೆಳು ಗಾಜಿನ ಎಳೆಯು ಸಾಮಾನ್ಯ ಉಕ್ಕಿಗಿಂತ ಹಲವು ಪಟ್ಟು ಹೆಚ್ಚಿನ ಎಳೆತವನ್ನು ತಾಳಬಲ್ಲದು. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಸಂಶೋಧಕರು ಇದನ್ನು ಸಿಮೆಂಟಿನೊಳಗೆ ಸೇರಿಸುವ ಪ್ರಯೋಗಗಳನ್ನು ಮಾಡಿದರು.

ಬಿರಡೆಯ ಪಾಠ ಎದುರಾದುದು ಇಲ್ಲಿಯೇ. ಹಸಿ ಸಿಮೆಂಟಿನ ನೀರಿಗೆ ಒಂದು ಹನಿ ಫಿನಾಲ್ಫ್‌ಥಲೀನ್ ಹಾಕಿದರೆ ಅದು ಕಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದರ ಪಿಎಚ್ ಮೌಲ್ಯ 12.5ಕ್ಕೂ ಮೇಲೆ. ಸುಣ್ಣದ ಜೊತೆಗೆ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಕ್ಷಾರವೂ ಅದರಲ್ಲಿದೆ. ಗಾಜಿನ ಎಳೆಯ ದಪ್ಪವೋ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹದಿನಾಲ್ಕು ಮೈಕ್ರಾನ್ ದಪ್ಪದ ಎಳೆಯೆಂದು ಲೆಕ್ಕ ಹಾಕಿ ನೋಡಿ: ಒಂದು ಕಿಲೋಗ್ರಾಂ ನಾರಿನ ಒಟ್ಟು ಮೇಲ್ಮೈ ನೂರು ಚದರ ಮೀಟರಿಗೂ ಮಿಗಿಲು, ಹೆಚ್ಚುಕಡಿಮೆ ಒಂದು 30×40 ನಿವೇಶನದಷ್ಟು! ಅಷ್ಟು ವಿಸ್ತಾರವನ್ನು ಕ್ಷಾರಕ್ಕೆ ಒಡ್ಡಿದರೆ ಗಾಜು ಉಳಿಯುವುದೆಂತು? ಸಾಮಾನ್ಯ ಗಾಜಿನ ನಾರು ಪೋರ್ಟ್‌ಲ್ಯಾಂಡ್ ಸಿಮೆಂಟಿನೊಳಗೆ ಬೇಗನೆ ಸವೆದು ಬಲಹೀನವಾಗುತ್ತಿತ್ತು. ಸೋವಿಯತ್ ಸಂಶೋಧಕರು ಸಿಮೆಂಟನ್ನೇ ಬದಲಿಸಿ ಕ್ಷಾರ ಕಡಿಮೆಯಿರುವ ಬಗೆಯನ್ನು ಬಳಸಿ ನೋಡಿದರು. ಗಾಜನ್ನು ಬದಲಿಸುವ ದಾರಿ ಇಂಗ್ಲೆಂಡಿನಲ್ಲಿ ತೆರೆಯಿತು.

ಲಂಡನ್ನಿಗೆ ಸಮೀಪದ ಗಾರ್ಸ್ಟನ್‌ನಲ್ಲಿ ಬಿಲ್ಡಿಂಗ್ ರಿಸರ್ಚ್ ಸ್ಟೇಷನ್ ಎಂಬ ಸರ್ಕಾರಿ ಸಂಶೋಧನಾ ಕೇಂದ್ರವಿತ್ತು. ಅಲ್ಲಿ 1960ರ ದಶಕದ ಉತ್ತರಾರ್ಧದಲ್ಲಿ ಎ. ಜೆ. ಮಜುಂದಾರ್ ಎಂಬ ವಿಜ್ಞಾನಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಜಿರ್ಕೋನಿಯಂ ಆಕ್ಸೈಡ್ ಸೇರಿದ ಗಾಜು ಕ್ಷಾರವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅಂತಹ ಗಾಜು ಕರಗಲು ಹೆಚ್ಚಿನ ಶಾಖ ಬೇಕು. ಎಳೆಯಾಗಿ ಎಳೆಯುವಾಗ ಹರಳುಗಟ್ಟುವ ತೊಂದರೆಯೂ ಇದೆ. ಕ್ಷಾರವನ್ನು ತಡೆಯಬೇಕು, ಎಳೆಯಾಗಿಯೂ ಬರಬೇಕು. ಈ ಎರಡನ್ನೂ ಹೊಂದಿಸಿದ, ಶೇಕಡಾ 16ರ ಆಸುಪಾಸಿನಲ್ಲಿ ಜಿರ್ಕೋನಿಯಾ ಇರುವ ಗಾಜನ್ನು ಅವರು ಆರಿಸಿದರು. ಸೇಂಟ್ ಹೆಲೆನ್ಸ್‌ನ ಹೆಸರಾಂತ ಗಾಜಿನ ಕಂಪನಿ ಪಿಲ್ಕಿಂಗ್ಟನ್ ಸಹಯೋಗ ನೀಡಿತು. 1971ರಲ್ಲಿ 'ಸೆಮ್-ಫಿಲ್' ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತು. ಜಿರ್ಕೋನಿಯಂನ ಮೂಲ ಖನಿಜವಾದ ಜಿರ್ಕಾನ್ ನಮ್ಮ ನೆರೆಯ ಕೇರಳದ ಚವರ ಕಡಲತೀರದ ಮರಳಿನಲ್ಲಿಯೂ ದೊರೆಯುತ್ತದೆ.

ಸಿಮೆಂಟು ಮತ್ತು ಮರಳಿನ ತೆಳುಗಾರೆಯ ಜೊತೆಗೆ ತೂಕದಲ್ಲಿ ಸುಮಾರು ಶೇಕಡಾ 5ರಷ್ಟು ನಾರನ್ನು ಅಚ್ಚಿನ ಮೇಲೆ ಸಿಂಪಡಿಸಿ, ಒಂದು ಒಂದೂವರೆ ಸೆಂಟಿಮೀಟರ್ ದಪ್ಪದ ಹಲಗೆಗಳನ್ನು ತಯಾರಿಸುವುದು ಸಾಧ್ಯವಾಯಿತು. ಲಂಡನ್ನಿನ 30, ಕ್ಯಾನನ್ ಸ್ಟ್ರೀಟ್‌ನಲ್ಲಿ 1977ರಲ್ಲಿ ಪೂರ್ಣಗೊಂಡ ಬ್ಯಾಂಕ್ ಕಟ್ಟಡವು ಹೊರಮೈಗೆಲ್ಲ ಇಂತಹ ಇಮ್ಮಡಿ ಹಲಗೆಗಳನ್ನು ತೊಟ್ಟ ಜಗತ್ತಿನ ಮೊದಲ ಕಟ್ಟಡವೆಂದು ಹೆಸರಾಗಿದೆ. 2015ರಲ್ಲಿ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರು.

ಈ ಕಥೆಯಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಘಟ್ಟ ಇನ್ನು ಮುಂದಿನದು. ಗಾರ್ಸ್ಟನ್ನಿನ ವಿಜ್ಞಾನಿಗಳು ತಮ್ಮ ವಸ್ತುವಿನ ತುಣುಕುಗಳನ್ನು ಮೂರು ಪಾಲು ಮಾಡಿ, ಒಂದನ್ನು ಒಣ ಗಾಳಿಯಲ್ಲಿ, ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಬಯಲಿನ ಬಿಸಿಲು ಮಳೆಗಳಲ್ಲಿ ಇರಿಸಿ ವರ್ಷವರ್ಷವೂ ಪರೀಕ್ಷಿಸುತ್ತ ಬಂದರು. ಹತ್ತು ವರ್ಷಗಳ ಫಲಿತಾಂಶವು 1979ರಲ್ಲಿ ಪ್ರಕಟವಾಯಿತು. ಒಣ ಗಾಳಿಯಲ್ಲಿದ್ದ ತುಣುಕುಗಳು ತಮ್ಮ ಬಲವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದವು. ನೀರಿನಲ್ಲಿದ್ದವೂ ಬಯಲಿನಲ್ಲಿದ್ದವೂ ಆರಂಭದ ಬಲದ ಬಹುಭಾಗವನ್ನು ಕಳೆದುಕೊಂಡು, ನಾರಿಲ್ಲದ ಸಿಮೆಂಟಿನ ಮಟ್ಟಕ್ಕೆ ಸಮೀಪಿಸಿದ್ದವು. ಬಾಗಿ ತಾಳಿಕೊಳ್ಳುವ ಗುಣ ಹೋಗಿ ಪೆಡಸಾಗಿದ್ದವು. ಜಿರ್ಕೋನಿಯಾ ಕ್ಷಾರದ ದಾಳಿಯನ್ನು ನಿಧಾನಗೊಳಿಸಿತ್ತೇ ವಿನಾ ಪೂರ್ತಿ ನಿಲ್ಲಿಸಿರಲಿಲ್ಲ. ಅಲ್ಲದೆ ಒಂದೊಂದು ನಾರಿನ ಕಟ್ಟಿನಲ್ಲಿ ಇನ್ನೂರರಷ್ಟು ಎಳೆಗಳಿರುತ್ತವೆ. ಅವುಗಳ ನಡುವಿನ ಸಂದುಗಳಲ್ಲಿ ಸುಣ್ಣದ ಹರಳುಗಳು ಬೆಳೆದು, ಎಳೆಗಳು ಜಾರಲು ಎಡೆಯಿಲ್ಲದಂತೆ ಬಿಗಿದುಬಿಡುತ್ತಿದ್ದವು.

ವಸ್ತು ಮಾರುಕಟ್ಟೆಯಲ್ಲಿ ಮಾರಾಟವಾಗುತ್ತಿರುವಾಗಲೇ, ಅದನ್ನು ರೂಪಿಸಿದ ಕೇಂದ್ರವೇ ಅದರ ದೌರ್ಬಲ್ಯವನ್ನು ಅಂಕಿಅಂಶಗಳೊಡನೆ ಮುದ್ರಿಸಿತು. ಇದರಿಂದ ಆ ವಿದ್ಯೆ ನಾಶವಾಗಲಿಲ್ಲ. ಅದಕ್ಕೆ ತಕ್ಕ ಸ್ಥಾನ ದೊರೆಯಿತು. ತೊಲೆ, ಕಂಬ, ತಾರಸಿಗಳ ಭಾರವನ್ನು ಇದರ ಮೇಲೆ ಹೊರಿಸಬಾರದು, ಹೊರ ಹೊದಿಕೆ, ಅಲಂಕಾರ, ಅಚ್ಚಿನ ಹಲಗೆಗಳಿಗೆ ಇದು ಯೋಗ್ಯ, ವಿನ್ಯಾಸ ಮಾಡುವಾಗ ವೃದ್ಧಾಪ್ಯದ ಬಲವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂಬ ಎಚ್ಚರ ಬೆಳೆಯಿತು. ಮೆಟಕಯೋಲಿನ್ ಮೊದಲಾದ ಪುಡಿಗಳನ್ನು ಬೆರೆಸಿ ಸುಣ್ಣದ ಕಾಟವನ್ನು ತಗ್ಗಿಸುವ ಉಪಾಯಗಳು ಬಂದವು. ಚೀನಾದಲ್ಲಿ ಜಿರ್ಕೋನಿಯಾದ ಗಾಜನ್ನೂ ಕಡಿಮೆ ಕ್ಷಾರದ ಸಿಮೆಂಟನ್ನೂ ಜೊತೆಗೂಡಿಸಿದರು. ಬಾಕು ನಗರದಲ್ಲಿ 2012ರಲ್ಲಿ ತೆರೆದ, ಜಾಹಾ ಹದೀದ್ ವಿನ್ಯಾಸದ ಹೈದರ್ ಅಲಿಯೆವ್ ಕೇಂದ್ರದ ಅಲೆಯಂತಹ ಹೊರಮೈಯಲ್ಲಿಯೂ ಗಾಜಿನ ನಾರಿನ ಕಾಂಕ್ರೀಟಿದೆ. ಒಳಗೆ ಭಾರ ಹೊರುವುದು ಉಕ್ಕು ಮತ್ತು ಸಾಮಾನ್ಯ ಕಾಂಕ್ರೀಟು.

ಈಗ ಶಿಷ್ಯನ ಪ್ರಶ್ನೆಗೆ ಬರೋಣ. ಅವನು ಕೇಳಿದ್ದು ಇದೇ ವಿದ್ಯೆಯ ಇನ್ನೊಂದು ಕವಲು. ತಾರಸಿಯ ಕಾಂಕ್ರೀಟಿಗೆ ಬೆರೆಸುವ ನಾರಿನ ಪ್ರಮಾಣ ಶೇಕಡಾ 5 ಅಲ್ಲ. ಒಂದು ಘನಮೀಟರಿಗೆ ಸುಮಾರು 600 ಗ್ರಾಂ. ಅದರ ಕೆಲಸ ಮೊದಲ ಕೆಲವು ಗಂಟೆಗಳದು. ಏಪ್ರಿಲ್ ತಿಂಗಳ ಬಿಸಿಲು ಗಾಳಿಗಳಲ್ಲಿ ಹೊಸ ಕಾಂಕ್ರೀಟಿನ ಮೇಲ್ಮೈಯ ನೀರು ಬೇಗ ಆರುತ್ತದೆ. ಮೇಲ್ಪದರ ಕುಗ್ಗಲು ಹೊರಡುತ್ತದೆ. ಆಗ ಅದಕ್ಕಿನ್ನೂ ಬಲವಿರುವುದಿಲ್ಲವಾದ್ದರಿಂದ ಕೆರೆಯಂಗಳ ಬಿರಿದಂತೆ ಬಿರಿಯುತ್ತದೆ. ಆ ಹೊತ್ತಿನಲ್ಲಿ 12 ಮಿಲಿಮೀಟರ್ ಉದ್ದದ ಕೋಟ್ಯಂತರ ಎಳೆಗಳು ಎಲ್ಲೆಡೆ ಹರಡಿದ್ದು ಬಿರುಕುಗಳನ್ನು ಹುಟ್ಟುವಲ್ಲಿಯೇ ತಡೆಯುತ್ತವೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಅವುಗಳ ಮುಖ್ಯ ಕರ್ತವ್ಯ ಮುಗಿಯಿತು. ಹೀಗಾಗಿ ಮುಪ್ಪಿನ ತೊಂದರೆ ಈ ಬಳಕೆಗೆ ಅಷ್ಟಾಗಿ ಬಾಧಕವಲ್ಲ.

ಆದರೆ ಸರಳಿನ ಕೆಲಸವನ್ನು ಇದು ಮಾಡಲಾರದು. ಗಾತ್ರದಲ್ಲಿ ಕೇವಲ ಶೇಕಡಾ 1ರಷ್ಟು ಉಕ್ಕು ಹಾಕಿದರೂ ಘನಮೀಟರಿಗೆ 78 ಕಿಲೋಗ್ರಾಂ ಆಗುತ್ತದೆ. ಅದೆಲ್ಲಿ, 600 ಗ್ರಾಂ ಎಲ್ಲಿ! ಉಕ್ಕಿನ ಸರಳು ತಾರಸಿಯ ಉದ್ದಕ್ಕೂ ನಿಂತು ಎಳೆತವನ್ನು ಹೊರುತ್ತದೆ. ಈ ಎಳೆ ಒಂದು ಅಕ್ಕಿಕಾಳಿಗಿಂತ ಕೊಂಚ ಉದ್ದ. ಇಂಜಿನಿಯರು ಬರೆದುಕೊಟ್ಟ ಕಂಬಿಯಲ್ಲಿ ಒಂದನ್ನೂ ಬಿಡಬಾರದು. ನೀರುಣಿಸುವುದನ್ನೂ ಬಿಡುವಂತಿಲ್ಲ. 2000ದ ಭಾರತೀಯ ಮಾನಕ ಐಎಸ್ 456ರಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ತೇವವಿರಬೇಕು. ಸಿಮೆಂಟಿನ ಬಾಯಾರಿಕೆಯನ್ನು ಗಾಜು ತಣಿಸಲಾರದು. ನಾರು ಕೊಳ್ಳುವುದಾದರೆ ಚೀಲದ ಮೇಲೆ ಕ್ಷಾರನಿರೋಧಕವೆಂದು ಬರೆದಿದೆಯೇ, ಜಿರ್ಕೋನಿಯಾ ಶೇಕಡಾ 16ಕ್ಕೆ ಕಡಿಮೆಯಿಲ್ಲವೇ ಎಂದು ನೋಡಿಕೊಳ್ಳಬೇಕು. ಅಮೆರಿಕದ ಮಾನಕ ಕೇಳುವುದು ಅಷ್ಟನ್ನು. ಬರಿಯ 'ಫೈಬರ್ ಗ್ಲಾಸ್' ಎಂದು ಅಗ್ಗಕ್ಕೆ ಸಿಕ್ಕುವ ನಾರು ಕಾಸ್ಟಿಕ್ ಸೋಡಾ ಶೀಷೆಗೆ ಹಾಕಿದ ಗಾಜಿನ ಬಿರಡೆಯಿದ್ದಂತೆ.

ಇಷ್ಟನ್ನು ಶಿಷ್ಯನಿಗೆ ಓದಿ ಹೇಳಿದೆ. "ಹಾಗಾದರೆ ನಾರೂ ಇರಲಿ, ಕಂಬಿಯೂ ಇರಲಿ, ನೀರೂ ಇರಲಿ ಸಾರ್" ಎಂದ. ಅವನ ಲೆಕ್ಕ ಸರಿಯಾಗಿದೆ. ಒಂದು ವಸ್ತುವನ್ನು ಹೊಗಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಅದನ್ನು ಹತ್ತು ವರ್ಷ ಮಳೆಯಲ್ಲಿ ನಿಲ್ಲಿಸಿ, ಕಂಡುದನ್ನು ಕಂಡಂತೆ ಬರೆದಿಟ್ಟವರ ಮಾತನ್ನು ಮೊದಲು ಕೇಳಿರಿ ಎಂಬುದೇ ಮನೆ ಕಟ್ಟಿಸುವ ನಿಮಗೆಲ್ಲ ಈ ಹಳೆಯ ಮೇಷ್ಟರ ಕಿವಿಮಾತು.