ಗೋಡೆಯ ಪಟಗಳ ಪಾಠಾಂತರ

ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಹೋಲಿಸುವುದು ಕನ್ನಡ ಅಧ್ಯಾಪಕರ ಕಸುಬು. ಆದರೆ ನಮ್ಮ ಮನೆಯ ಗೋಡೆಗಳ ಮೇಲೂ ಪಾಠಾಂತರಗಳಿವೆಯೆಂಬುದು ಎಷ್ಟು ಜನರ ಗಮನಕ್ಕೆ ಬಂದಿದೆ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳಲ್ಲಿ ರವಿವರ್ಮನ ಸರಸ್ವತಿಯ ಪಟಗಳನ್ನು ನಾನು ಕಂಡಿದ್ದೇನೆ. ಎಲ್ಲವೂ ಒಂದೇ ಚಿತ್ರ. ಆದರೆ ಒಂದರಂತೆ ಇನ್ನೊಂದಿಲ್ಲ.

ರಾಜಾ ರವಿವರ್ಮ (1848–1906) ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ತೆರೆದದ್ದು 1894ರಲ್ಲಿ. ಅರಮನೆಯ ಗೋಡೆಗಳಲ್ಲಿದ್ದ ದೇವತೆಗಳು ಹಾಗೆ ಸಾಮಾನ್ಯರ ಪಡಸಾಲೆಗೆ ಇಳಿದು ಬಂದರು. 1899ರಲ್ಲಿ ಮುದ್ರಣಾಲಯ ಲೋಣಾವಳದ ಬಳಿಯ ಮಳವ್ಲಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನ ವಶವಾಯಿತು. ಚಿತ್ರಕಾರ ತೀರಿಕೊಂಡ ಮೇಲೂ ಚಿತ್ರಗಳು ಅಚ್ಚಾಗುತ್ತಲೇ ಇದ್ದವು. 1972ರಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಬಹಳಷ್ಟು ನಾಶವಾಯಿತು. ಅಷ್ಟರಲ್ಲಿ ಬೇರೆಯವರೂ ಈ ಚಿತ್ರಗಳನ್ನು ನಕಲು ಮಾಡಿ ಮಾರಿದ್ದರು.

ಶಿಲಾಮುದ್ರಣದ ಗುಟ್ಟು ಜಿಡ್ಡು ಮತ್ತು ನೀರಿನ ವೈರದಲ್ಲಿದೆ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಶಾಯಿ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆ ಎಲ್ಲ ಕಲ್ಲುಗಳ ಮೇಲೂ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಕಲ್ಲುಗಳ ಸಂಖ್ಯೆ ಕಡಿಮೆಯಾದರೆ ಖರ್ಚು ಇಳಿಯುತ್ತದೆ. ಜೊತೆಗೆ ನಡುವಣ ಛಾಯೆಗಳೂ ಹೋಗುತ್ತವೆ.

ಹೊಳಲ್ಕೆರೆಯ ಮನೆಯೊಂದರ ಹಳೆಯ ಪಟದಲ್ಲಿ ಸರಸ್ವತಿಯ ಕೆನ್ನೆಯಿಂದ ಕೊರಳಿಗೆ ನೆರಳು ಮೆಲ್ಲಗೆ ಇಳಿಯುತ್ತದೆ; ನವಿಲಿನ ಗರಿಗಳನ್ನು ಎಣಿಸಬಹುದು. ಹಿರಿಯೂರಿನಲ್ಲಿ ಕಂಡ ಈಚಿನ ಪಟ ಅದಕ್ಕಿಂತ ಬಲು ಉಜ್ಜ್ವಲ. ಆದರೆ ಅಲ್ಲಿ ನವಿಲು ಒಂದು ನೀಲಿಯ ಮುದ್ದೆ. ಮುಖಕ್ಕೆ ಸುಣ್ಣ ಬಳಿದಂತಿದೆ, ತುಟಿಯ ಕೆಂಪು ತುಟಿಯನ್ನು ದಾಟಿದೆ. ನಕಲಿನ ನಕಲಿನಲ್ಲಿ ಮೊದಲು ಅಳಿಯುವುದು ಬಣ್ಣವಲ್ಲ, ನೆರಳು. ದೇವಿಯ ಮುಖಭಾವವೆಲ್ಲ ಇದ್ದದ್ದು ಆ ನೆರಳಿನಲ್ಲಿಯೇ.

ಹೊಳಪೇ ಹಳತರ ಗುರುತೆಂದು ನಂಬಬೇಡಿ. ಭೂತಗನ್ನಡಿ ಹಿಡಿದು ನೋಡಿ: ಕೈಯಿಂದ ಕಲ್ಲಿಗಿಳಿದ ಚುಕ್ಕೆಗಳು ಅಡ್ಡಾದಿಡ್ಡಿಯಾಗಿರುತ್ತವೆ, ಈಚಿನ ಆಫ್‌ಸೆಟ್ ಮುದ್ರಣದವು ಸಾಲುಗಟ್ಟಿರುತ್ತವೆ. ಕೆಳಗಿನ ಅಂಚಿನಲ್ಲಿ ಮುದ್ರಣಾಲಯದ ಹೆಸರು, ಊರು ಇದ್ದರೆ ಕಾಲವನ್ನೂ ಊಹಿಸಬಹುದು. ಚೌಕಟ್ಟು ಕಟ್ಟುವವನು ಅಂಚನ್ನು ಕತ್ತರಿಸಿದ್ದರೆ ಆ ಸಾಕ್ಷ್ಯ ಹೋದಂತೆಯೇ.

ಹಾಗೆಂದು ಕೀಳು ಅಚ್ಚಿನ ಪಟವನ್ನು ಹಳಿಯಲು ನನಗೆ ಮನಸ್ಸು ಬಾರದು. ದೇವಸ್ಥಾನದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಗುಡಿಸಲಿಗೂ ದೇವತೆ ಬಂದದ್ದು ಅಗ್ಗದ ಕಾಗದದ ಮೇಲೆಯೇ. ಕಲೆಯ ದೃಷ್ಟಿಯಿಂದ ಅದು ಭ್ರಷ್ಟಪಾಠ. ಸಮಾಜದ ದೃಷ್ಟಿಯಿಂದ ಶುದ್ಧಪಾಠ.

ನನ್ನ ಚಿಂತೆ ಬೇರೆ. ಹಳೆಯ ಮನೆಗಳು ಉರುಳುತ್ತಿವೆ. ಮಸಿ ಹಿಡಿದ ಪಟ ಮೊದಲು ಅಟ್ಟಕ್ಕೆ, ಆಮೇಲೆ ಗುಜರಿಗೆ ಹೋಗುತ್ತದೆ. ಓಲೆಗರಿಗಳನ್ನು ಹೊಳೆಗೆ ಬಿಟ್ಟವರನ್ನು ನಾವು ಇಂದು ಹಳಿಯುತ್ತೇವೆ. ಪಟವನ್ನು ಹೊರಹಾಕುವ ಮುನ್ನ ಒಮ್ಮೆ ಗಾಜು ಒರೆಸಿ ಅಂಚನ್ನು ಓದಿ. ಅದು ಯಾರ ಕಾಲದಲ್ಲಿ ಮನೆಗೆ ಬಂತೆಂದು ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಪಾಠ ಹೋಲಿಸುವವನಿಗೆ ಅಷ್ಟಾದರೂ ಉಳಿದೀತು.