ಜಾಲಿ ಮತ್ತು ಬನ್ನಿ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗದ ಎರೆಹೊಲಗಳ ಬದು, ಹಳ್ಳದ ದಂಡೆ, ಬೀಳುನೆಲಗಳಲ್ಲಿ ಬೆಳೆಯುವ ಮುಳ್ಳುಮರಗಳು. ಫ್ಯಾಬೇಸಿ ಕುಟುಂಬದ ಮಿಮೋಸ ಗುಂಪಿಗೆ ಸೇರಿವೆ. ಕರಿಜಾಲಿ (ವ್ಯಾಚೆಲಿಯ ನಿಲೋಟಿಕ), ಬಿಳಿಜಾಲಿ (ವ್ಯಾಚೆಲಿಯ ಲ್ಯೂಕೋಫ್ಲಿಯ), ಬನ್ನಿ (ಪ್ರೊಸೋಪಿಸ್ ಸಿನೆರೇರಿಯ), ಬಳ್ಳಾರಿ ಜಾಲಿ (ನೆಲ್ಟೂಮ ಜೂಲಿಫ್ಲೋರ) ಮುಖ್ಯವಾದವು. ಕೊನೆಯದು ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದದ್ದು.

ಗುರುತಿಸುವ ಬಗೆ: ಹೂವಿನ ಬಣ್ಣವನ್ನು ನೆಚ್ಚಬಾರದು, ನಾಲ್ಕರಲ್ಲೂ ಅದು ಹಳದಿ ಇಲ್ಲವೇ ಕೆನೆಹಳದಿ. ಒಂದೇ ಹೂವೆಂದು ಕಾಣುವುದು ಹತ್ತಾರು ಕಿರುಹೂಗಳ ಗುಂಪು. ಜಾಲಿಗಳಲ್ಲಿ ಅದು ಚೆಂಡಿನಂತೆ ದುಂಡಗೆ, ಉಳಿದೆರಡರಲ್ಲಿ ನೀಳವಾದ ಕದಿರು. ಒಂದು ಕಿರುಹೂವನ್ನು ಬಿಡಿಸಿ ಭೂತಗನ್ನಡಿ ಹಿಡಿದರೆ ಜಾಲಿಯಲ್ಲಿ ಕೇಸರಗಳು ಎಣಿಸಲು ಕಷ್ಟವಾಗುವಷ್ಟು. ಬನ್ನಿ, ಬಳ್ಳಾರಿ ಜಾಲಿಗಳಲ್ಲಿ ಹತ್ತೇ. ಆಗಷ್ಟೇ ಅರಳಿದ ಹೂವಾದರೆ ಈ ಹತ್ತರ ಪರಾಗಕೋಶಗಳ ತುದಿಯಲ್ಲಿ ಬೇಗ ಉದುರಿಹೋಗುವ ಪುಟ್ಟ ಗ್ರಂಥಿಯೂ ಕಾಣುತ್ತದೆ.

ಹೂವಿಲ್ಲದ ಕಾಲದಲ್ಲಿ ಮುಳ್ಳೇ ಆಧಾರ. ಜಾಲಿಗಳಲ್ಲೂ ಬಳ್ಳಾರಿ ಜಾಲಿಯಲ್ಲೂ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲಿ, ಸಾಮಾನ್ಯವಾಗಿ ಜೋಡಿಯಾಗಿ ಇರುತ್ತದೆ. ಬನ್ನಿಯಲ್ಲಿ ಗೆಣ್ಣುಗಳ ನಡುವೆ, ಬುಡ ಅಗಲವಾದ ಗಿಡ್ಡ ಮುಳ್ಳುಗಳು ಚದುರಿರುತ್ತವೆ. ದಸರೆಗೆ ಬಂಗಾರವೆಂದು ಹಂಚುವ ಎಲೆ ಬನ್ನಿಯದೇ ಎಂದು ಖಚಿತಪಡಿಸಿಕೊಳ್ಳಲು ಈ ಒಂದು ಲಕ್ಷಣವನ್ನು ಮೊದಲು ನೋಡಬೇಕು. ಕರಿಜಾಲಿಯ ಕಾಯಿ ಮಣಿ ಪೋಣಿಸಿದಂತೆ ಬೀಜಗಳ ನಡುವೆ ಕಿರಿದಾಗುತ್ತದೆ. ತೊಗಟೆ ಕಪ್ಪು, ಸೀಳುಸೀಳು. ಬಿಳಿಜಾಲಿಯ ತೊಗಟೆ ಮಾಸಲು ಬಿಳಿ, ಹೂಚೆಂಡುಗಳು ಕೊಂಬೆಯ ತುದಿಯಲ್ಲಿ ದೊಡ್ಡ ಗೊಂಚಲಾಗಿ ಬರುತ್ತವೆ. ಬಳ್ಳಾರಿ ಜಾಲಿಯ ಸಿಹಿಗಾಯಿ ತಿಂದ ಆಡು, ದನಗಳ ಹಿಕ್ಕೆ, ಸಗಣಿಯಿಂದ ಬೀಜ ಹರಡುತ್ತದೆ.

ವರ್ಗೀಕರಣ: ಲಿನ್ನೇಯಸ್ 1753ರಲ್ಲಿ ಕರಿಜಾಲಿ, ಬನ್ನಿ ಎರಡನ್ನೂ ಮಿಮೋಸ ಜಾತಿಯಲ್ಲಿಟ್ಟ, 1767ರಲ್ಲಿ ಬನ್ನಿಗೆ ಪ್ರೊಸೋಪಿಸ್ ಸ್ಪೈಸಿಜೆರ ಎಂಬ ಹೆಸರನ್ನೂ ಕೊಟ್ಟ. ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಹೊರಬಂದ ಥಿಯೊಡೋರ್ ಕುಕ್‌ನ ಸಸ್ಯಗ್ರಂಥದಲ್ಲಿ (1901–1908) ಇದೇ ಹೆಸರಿದೆ. ಈಗಿನ ಹೆಸರು 1914ರದು. ಅಲ್ಲಿಯವರೆಗೆ ಜಾಲಿಗಳಿಗೂ ಸಲ್ಲುತ್ತಿದ್ದ ಅಕೇಶಿಯ ಎಂಬ ಜಾತಿಹೆಸರು ಆಸ್ಟ್ರೇಲಿಯದ ಗುಂಪಿಗೆ ಉಳಿಯಬೇಕೆಂದು 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನ ತೀರ್ಮಾನಿಸಿದ ಮೇಲೆ, ನಮ್ಮ ಜಾಲಿಗಳಿಗೆ ವೈಟ್ ಮತ್ತು ಆರ್ನಟ್ 1834ರಲ್ಲಿ ರಚಿಸಿದ್ದ ವ್ಯಾಚೆಲಿಯ ಜಾತಿ ಮತ್ತೆ ಬಳಕೆಗೆ ಬಂತು. 2022ರಲ್ಲಿ ಪ್ರೊಸೋಪಿಸ್ ಕೂಡ ಒಡೆದು, ಬಳ್ಳಾರಿ ಜಾಲಿ ನೆಲ್ಟೂಮಕ್ಕೆ ಹೋಯಿತು. ಬನ್ನಿ ಹಳೆಯ ಜಾತಿಯಲ್ಲೇ ಉಳಿಯಿತು. ಬದುವಿನ ಮೇಲೆ ಮುಳ್ಳು ತೋರಿಸುವ ಅಂತರವನ್ನು ಈ ವಿಂಗಡಣೆ ಎತ್ತಿಹಿಡಿದಿದೆ ಎನ್ನಬಹುದು.

ಕರ್ನಾಟಕದ ಕೆಲವೆಡೆ ಸೆನೆಗೇಲಿಯ ಫೆರುಜಿನಿಯವನ್ನೂ ಬನ್ನಿ ಎನ್ನುತ್ತಾರೆ. ಹೂ ಕದಿರಿನಂತಿದ್ದರೂ ಅದರ ಕೇಸರಗಳು ಹತ್ತಕ್ಕಿಂತ ಬಹಳ ಹೆಚ್ಚು.