ಕಾಯಂ ಪಾತ್ರವರ್ಗ ಮತ್ತು ಅತಿಥಿ ನಟ: ಶಿಕಾರಿಪುರ–ಸೊರಬ ಸೀಮೆಯ ರಂಗರೂಢಿಯಿಂದ ಕಿರುತೆರೆಯ ಹಾಸ್ಯದವರೆಗೆ

ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಎರಡು ರಂಗಪರಂಪರೆಗಳು ಕೂಡುವ ಸೀಮೆಯಲ್ಲಿವೆ. ಸಿದ್ದಾಪುರ, ಸಾಗರಗಳಿಗೆ ಹೊಂದಿಕೊಂಡ ಸೊರಬದ ಕಡೆ ಬಡಗುತಿಟ್ಟಿನ ಯಕ್ಷಗಾನದ ಪ್ರಭಾವವಿದ್ದರೆ, ಹಿರೇಕೆರೂರಿನತ್ತ ತೆರೆದುಕೊಂಡ ಶಿಕಾರಿಪುರದ ಕಡೆ ಬಯಲುಸೀಮೆಯ ದೊಡ್ಡಾಟ ಹಾಗೂ ಕಂಪನಿ ನಾಟಕಗಳ ನಂಟಿದೆ. ಕಿರುತೆರೆಯ ಹಾಸ್ಯ ಧಾರಾವಾಹಿಗಳಲ್ಲಿ ಅತಿಥಿ ಅಭಿನಯವೆಂದು ಕರೆಯಲಾಗುವ, ಅಂದರೆ ಕಾಯಂ ಪಾತ್ರವರ್ಗದ ನಡುವೆ ಒಂದೆರಡು ಕಂತಿನ ಮಟ್ಟಿಗೆ ಬಂದುಹೋಗುವ ನಟನ ಪಾತ್ರವನ್ನು ಸ್ವೀಕರಿಸುವ ಅಭಿರುಚಿ ಇಂಥ ಸೀಮೆಯ ಪ್ರೇಕ್ಷಕರಿಗೆ ದೂರದರ್ಶನದಿಂದ ಹೊಸದಾಗಿ ಬಂದುದಲ್ಲ.

ಯಕ್ಷಗಾನದಲ್ಲಿ ಬೇರೆ ಮೇಳದ ಹೆಸರಾಂತ ವೇಷಧಾರಿಯನ್ನು ಒಂದು ರಾತ್ರಿಯ ಆಟಕ್ಕೆ ಕರೆಸಿ, ಅತಿಥಿ ಕಲಾವಿದನೆಂದು ಕರಪತ್ರದಲ್ಲಿ ಅಚ್ಚುಹಾಕಿಸುವ ರೂಢಿಯಿದೆ. ದೂತ, ಬಾಗಿಲು ಕಾಯುವವನು, ಮುದುಕಿ ಮೊದಲಾದ ವೇಷಗಳಲ್ಲಿ ಬರುವ ಹಾಸ್ಯಗಾರನ ಮಾತು ಲಿಖಿತವಲ್ಲದ್ದರಿಂದ, ಅತಿಥಿಯಾಗಿ ಬಂದವನು ಎದುರಾಳಿಯ ಮಾತಿನ ಎಳೆಯನ್ನು ಹಿಡಿದು ಅಲ್ಲಿಯೇ ಅರ್ಥ ಕಟ್ಟಬೇಕಾಗುತ್ತದೆ. ಹಾಡಿನ ಮೂಲಕ ಆಟವನ್ನು ನಡೆಸುವ ಭಾಗವತನು ಪದ್ಯ ಎತ್ತಿದೊಡನೆ ಹರಟೆ ನಿಲ್ಲಲೇಬೇಕು. ಅತಿಥಿಗಿರುವ ಸ್ವಾತಂತ್ರ್ಯದ ಎಲ್ಲೆಯನ್ನು ಗೊತ್ತುಮಾಡುವವನು ಹೀಗೆ ಆ ಮೇಳದ ಕಾಯಂ ಕಲಾವಿದನೇ ಆಗಿರುತ್ತಾನೆ. ಜಾತ್ರೆಯಲ್ಲಿ ಕ್ಯಾಂಪು ಹಾಕಿದ ನಾಟಕ ಕಂಪನಿಗಳು ಸಿನಿಮಾ ನಟರನ್ನು ಕರೆಸಿದಾಗಲೂ ನಿಯಮ ಇದೇ.

ಕಿರುತೆರೆಯಲ್ಲಿಯೂ ಈ ನಿಯಮ ಬದಲಾಗಲಿಲ್ಲ. ಅಮೆರಿಕದ ‘ಐ ಲವ್ ಲೂಸಿ’ ಸರಣಿಯ 1955ರ ಕಂತೊಂದರಲ್ಲಿ ಹಾಸ್ಯನಟ ಹಾರ್ಪೊ ಮಾರ್ಕ್ಸ್ ಅತಿಥಿಯಾಗಿ ಬಂದು, ಅವನದೇ ವೇಷ ತೊಟ್ಟ ಲೂಸಿಯನ್ನು ಕನ್ನಡಿಯ ಪ್ರತಿಬಿಂಬವೆಂಬಂತೆ ಪರೀಕ್ಷಿಸುವ ದೃಶ್ಯ ಪ್ರಸಿದ್ಧವಾಗಿದ್ದು, ಸರಣಿಯ ನಾಯಕಿ ಲೂಸಿಲ್ ಬಾಲ್ ಅವನ ಒಂದೊಂದು ಚಲನೆಗೂ ಸರಿಗಟ್ಟಿದ್ದರಿಂದಲೇ ಅದು ನಗೆಯಾಯಿತು.

ಕರ್ನಾಟಕದಲ್ಲಿ ಈ ಮಾದರಿಯನ್ನು ತಿರುವುಮುರುವು ಮಾಡಿದ್ದು ನಟ, ನಿರ್ದೇಶಕ ಶಂಕರ್‌ನಾಗ್ (1954–1990). ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ, ಶಿವಮೊಗ್ಗ ಜಿಲ್ಲೆಯದೇ ಆದ ಆಗುಂಬೆಯಲ್ಲಿ ಅವರು ಬಹುಪಾಲು ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಪೂರ್ಣ ಹಾಸ್ಯ ಧಾರಾವಾಹಿಯಲ್ಲವಾದರೂ ಅದರ ಒಳಹರಿವು ತಿಳಿನಗೆಯದೇ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ ಕಾರ್ನಾಡರು ಅವನ ತಂದೆಯಾಗಿ ನಟಿಸಿದ ಕಂತುಗಳಂಥವನ್ನು ಬಿಟ್ಟರೆ, ಉಳಿದೆಡೆ ಕಥೆ ಬದಲಾದಂತೆ ನಟರೂ ಬದಲಾಗುವುದರಿಂದ ಇಲ್ಲಿ ಮಾಲ್ಗುಡಿ ಎಂಬ ಊರೇ ಕಾಯಂ ಪಾತ್ರ, ನಟರೆಲ್ಲ ಅದರ ಅತಿಥಿಗಳು.

ಇದಕ್ಕೆ ಉತ್ತಮ ನಿದರ್ಶನ, ತಿಂಗಳಿಗೆ ನಲವತ್ತು ರೂಪಾಯಿ ಸಂಬಳದ ಕಥೆಯಲ್ಲಿ ವಿಷ್ಣುವರ್ಧನ್ ವಹಿಸಿದ ಗುಮಾಸ್ತ ವೆಂಕಟರಾವ್ ಪಾತ್ರ. ಮಗಳು ಶಾಂತಾಳನ್ನು ಸಿನಿಮಾಕ್ಕೆ ಕರೆದೊಯ್ಯುವುದಾಗಿ ಮಾತುಕೊಟ್ಟ ಈ ತಂದೆ, ಕಚೇರಿ ಬಿಡಲು ಅನುಮತಿ ಸಿಗದೆ ರಾಜೀನಾಮೆ ಬರೆಯುತ್ತಾನೆ. ಸಂಬಳಕ್ಕೆ ಐದು ರೂಪಾಯಿ ಏರಿದ ಸುದ್ದಿ ತಿಳಿದೊಡನೆ ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಮನೆಗೆ ಬರುವ ಹೊತ್ತಿಗೆ ಮಗಳು ನಿದ್ದೆಹೋಗಿರುತ್ತಾಳೆ. ‘ನಾಗರಹಾವು’ (1972) ಚಿತ್ರದಿಂದ ಬಿಸಿರಕ್ತದ ನಾಯಕನೆಂದು ಮನೆಮಾತಾಗಿದ್ದ ತಾರೆ, ಮಗಳಿಗೊಂದು ಸಿನಿಮಾ ತೋರಿಸಲಾಗದ ನೌಕರನಾಗಿ ಬಂದುದರಲ್ಲಿಯೇ ವ್ಯಂಗ್ಯವಿದೆ. ಹೊಡೆದಾಟವಿಲ್ಲದ, ಹಾಡಿಲ್ಲದ ಈ ಪಾತ್ರದಲ್ಲಿ ನಟ ತನ್ನ ತಾರಾಮೌಲ್ಯವನ್ನು ಬದಿಗಿಟ್ಟು ಮಾಲ್ಗುಡಿಯ ಅಳತೆಗೆ ಒಗ್ಗಿಕೊಂಡಿದ್ದಾರೆ.

2000ದ ನಂತರ ಈಟಿವಿ ಕನ್ನಡದಲ್ಲಿ ಬಂದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಸರಣಿಗಳು ಮನೆಯೊಳಗಿನ ಹಾಸ್ಯವನ್ನೇ ನೆಚ್ಚಿದವು. ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ್ ಅಭಿನಯಿಸಿದ ಡಾಕ್ಟರ್ ವಿಠಲ್‌ರಾವ್ ಪಾತ್ರ ಇಲ್ಲಿ ಗಮನಾರ್ಹ; ವೈದ್ಯನ ಬಳಿಗೆ ರೋಗಿ ಬರುವುದು ಸಹಜವಾದ್ದರಿಂದ, ಹೊಸ ಮುಖವನ್ನು ಒಳತರಲು ಕಥೆಗಾರನಿಗೆ ಬೇರೆ ನೆಪ ಬೇಕಾಗುವುದಿಲ್ಲ.

ಆದ್ದರಿಂದ ಅತಿಥಿ ಅಭಿನಯದ ಚರಿತ್ರೆಯನ್ನು ತಾರೆಯರ ಹೆಸರುಗಳ ಪಟ್ಟಿಯಾಗಿ ಬರೆದರೆ ಸಾಲದು. ಭಾಗವತ, ಕಂಪನಿಯ ನಟವರ್ಗ, ಮಾಲ್ಗುಡಿಯ ಬೀದಿ, ವಿಠಲ್‌ರಾವ್ ಸಂಸಾರ ಇವುಗಳ ಸ್ಥಿರತೆಯೇ ಬಂದುಹೋಗುವವರ ನಟನೆಗೆ ಆಧಾರವಾಗಿರುವುದರಿಂದ, ಅತಿಥಿ ಏನು ಮಾಡಿದ ಎಂಬುದಕ್ಕಿಂತ, ಮನೆಯವರು ಅವನಿಗೆ ಎಷ್ಟು ಜಾಗ ಬಿಟ್ಟುಕೊಟ್ಟರು ಎಂಬ ಪ್ರಶ್ನೆಯಿಂದಲೇ ಅಧ್ಯಯನ ಆರಂಭವಾಗಬೇಕು.